ಉತ್ತರದ ಕಡಲಿಗೆ ಬಿಟ್ಟ ಬಾಗಿನ

ನನ್ನ ಬಾಯಿ ಜೋರು ಎಂಬುದು ಪಾಂಡವಪುರದಲ್ಲಿ ನಮ್ಮ ಬೀದಿಗೆಲ್ಲ ಗೊತ್ತು. ಮೂವತ್ತು ವರ್ಷ ಪ್ರೈಮರಿ ಸ್ಕೂಲಿನ ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟ ಬಾಯಿ ಅದು. ಆದರೆ ನಾರ್ವೆ ದೇಶದ ಉತ್ತರದಲ್ಲಿ, ನಮ್ಮೂರ ಬಸ್‌ಸ್ಟ್ಯಾಂಡಿಗಿಂತಲೂ ಚಿಕ್ಕದಾದ ಒಂದು ವಿಮಾನ ನಿಲ್ದಾಣದಲ್ಲಿ, ನನ್ನ ತಂಗಿ ಎದುರಿಗೆ ಬಂದು ನಿಂತಾಗ ಆ ಬಾಯಿ ಕಟ್ಟಿಹೋಯಿತು. ಹತ್ತೊಂಬತ್ತು ವರ್ಷದ ಮೇಲೆ ಅವಳನ್ನು ನೋಡುತ್ತಿದ್ದೆ. ತಲೆ ಅರ್ಧ ಬೆಳ್ಳಗಾಗಿತ್ತು.

"ಬಂದ್ಯಾ ಅಕ್ಕ? ಚಳಿ ಆಯ್ತಾ ಅದಾ?" ಎಂದಳು.

ತಬ್ಬಿಕೊಂಡು ಅಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದವಳು ನಾನು. ಬಾಯಿಗೆ ಬಂದದ್ದು ಬೇರೆ. "ಏನೇ ಇಂಗ್ ಸೊರಗೋಗಿದ್ದೀಯ, ಇಲ್ಲಿ ಅನ್ನ ಇಕ್ಕಲ್ವಾ ನಿಂಗೆ?" ಎಂದು ಬೈದುಬಿಟ್ಟೆ. ಅವಳು ನಕ್ಕಳು, ನನ್ನ ಸೂಟ್‌ಕೇಸು ಎತ್ತಿಕೊಂಡು ಮುಂದೆ ಹೊರಟಳು.

ನಾವಿಬ್ಬರೇ ಹೆಣ್ಣುಮಕ್ಕಳು, ಗಂಡು ದಿಕ್ಕಿಲ್ಲದ ಮನೆ. ಹುಟ್ಟಿದ್ದು ಶೀಳನೆರೆ ಹತ್ತಿರದ ಹಳ್ಳಿಯಲ್ಲಿ. ನಾನು ಟೀಚರಾಗಿ ಪಾಂಡವಪುರಕ್ಕೆ ಬಂದೆ, ಅವಳು ಮೈಸೂರಿನಲ್ಲಿ ನರ್ಸಿಂಗ್ ಓದಿ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಆ ದೇಶಕ್ಕೆ ಹೋದಳು. ಹೋದ ಮೂರನೇ ವರ್ಷ, ಅಲ್ಲಿಯ ಹಡಗಿನ ಕೆಲಸದವನೊಬ್ಬನನ್ನು ಮದುವೆಯಾದೆ ಎಂದು ಫೋನು ಮಾಡಿದಳು. ಕೇಳಿಯೂ ಇಲ್ಲ, ಹೇಳಿಯೂ ಇಲ್ಲ. ಅವ್ವ ಫೋನು ನನ್ನ ಕೈಗೆ ಕೊಟ್ಟು, "ನಂಗೆ ಒಬ್ಳೇ ಮಗ್ಳು ಅಂತ ಯೋಳು" ಎಂದಳು. ನಾನು ಹೇಳಲಿಲ್ಲ, ಆದರೆ ಅವ್ವನ ಮಾತು ಅವಳಿಗೆ ಆ ಕಡೆ ಕೇಳಿಸಿತ್ತು.

ನಮ್ಮ ಕಡೆ ಗೌರಿ ಹಬ್ಬಕ್ಕೆ ಮದುವೆಯಾದ ಮಗಳಿಗೆ ತವರಿಂದ ಬಾಗಿನ ಹೋಗಬೇಕು. ಅರಿಶಿನ ಬಳಿದ ಜೋಡಿ ಮೊರ, ಅದರೊಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ಕುಂಕುಮ, ಕನ್ನಡಿ. ಬಾಗಿನ ಬಂತೆಂದರೆ ನಿನಗೊಂದು ತವರಿದೆ, ಬಾ ಎಂದು ಅರ್ಥ. ಈಸಿಕೊಂಡ ಮಗಳು ಒಂದು ಸಲವಾದರೂ ಬಂದು ಹೋಗಬೇಕು. ಅವ್ವ ನನಗೆ ಒಂದು ವರ್ಷವೂ ತಪ್ಪಿಸಲಿಲ್ಲ. ತಂಗಿಗೆ ಒಂದು ವರ್ಷವೂ ಕೊಡಲಿಲ್ಲ. ನನ್ನ ಮೊರ ನಾನು ಸೆರಗೊಡ್ಡಿ ಈಸಿಕೊಂಡು, ಹೊಸ ಬಳೆ ತೊಟ್ಟುಕೊಂಡು ಸ್ಕೂಲಿಗೆ ಹೋಗುತ್ತಿದ್ದೆ.

ಅವ್ವ ಹೋಗಿ ವರ್ಷ ತುಂಬಿತು. ಸುದ್ದಿಯನ್ನು ತಂಗಿಗೆ ನಾನು ಹೇಳಿದ್ದು ತಿಥಿಯೆಲ್ಲ ಮುಗಿದ ಮೇಲೆ, ಅದೂ ಧೈರ್ಯ ಸಾಲದೆ ಎರಡು ದಿನ ತಡಮಾಡಿ. ಅವಳು ಜಗಳವಾಡಲಿಲ್ಲ. ಆಮೇಲೊಂದು ದಿನ, "ಟಿಕೆಟ್ ಕಳುಸ್ತೀನಿ, ಬಾ ಅಕ್ಕ, ಸಮುದ್ರ ತೋರುಸ್ತೀನಿ" ಎಂದಳು. ಬೇಸಿಗೆಯಲ್ಲೇ ಬಾ ಎಂದವಳಿಗೆ ಕಾಲು ನೋವು, ವೀಸಾ, ಅದೂ ಇದೂ ಹೇಳಿ, ಗೌರಿ ಹಬ್ಬ ನಡುವೆ ಬರುವ ಹಾಗೆ ನಾನೇ ದಿನ ಗೊತ್ತುಮಾಡಿದೆ. ಕೆ.ಆರ್. ಪೇಟೆ ಸಂತೆಗೆ ಹೋಗಿ ಸೂಟ್‌ಕೇಸಿಗೆ ಹಿಡಿಸುವಂಥ ಎರಡು ಪುಟ್ಟ ಮೊರ, ಅದಕ್ಕೆ ತುಂಬುವ ಸಾಮಾನು ಎಲ್ಲ ತಂದೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದ ಹುಡುಗಿ ಇದೇನೆಂದು ಕೇಳಿದಾಗ, ಅಲ್ಲೇ ನಿಂತು ಗಾಳಿಯಲ್ಲಿ ರಾಗಿ ಕೇರಿ ತೋರಿಸಿದೆ. ಪಾಪ, ಅವಳು ಹೆದರಿ ಕಳಿಸಿಬಿಟ್ಟಳು.

ಹೋದ ದಿನವೇ ಮೊರ ತೆಗೆದು, ಬಾಗಿನ ತುಂಬಿ ತಂಗಿಯ ಅಡುಗೆಮನೆ ಮೇಜಿನ ಮೇಲಿಟ್ಟೆ. ಇಟ್ಟು, ಸುಳ್ಳು ಹೇಳಿದೆ.

"ಅವ್ವ ಕೊನೇಲಿ ಯೋಳಿದ್ಲು ಕಣೆ. ಅವಳ್ಗೂ ಒಂದ್ ಬಾಗ್ನ ಕಳ್ಸು ಅಂದ್ಲು."

ಅವ್ವ ಹಾಗೆ ಹೇಳಿರಲಿಲ್ಲ. ಕೊನೆಯ ಆರು ವರ್ಷ ನನ್ನ ಮನೆಯಲ್ಲೇ ಇದ್ದವಳು ತಂಗಿಯ ಹೆಸರನ್ನೇ ಎತ್ತಿರಲಿಲ್ಲ. ಆದರೆ ಸತ್ತವಳು ಕ್ಷಮಿಸಿದಳು ಎಂದರೆ ಯಾರಿಗೇನು ನಷ್ಟ ಎಂದು ನನ್ನ ಲೆಕ್ಕಾಚಾರ.

ತಂಗಿ ಮೊರವನ್ನು ತುಂಬ ಹೊತ್ತು ನೋಡಿದಳು. "ಇದ್ದಾಗ ಕೊಡ್ನಿಲ್ಲ, ಸತ್ತೋದ್ಮೇಲೆ ಯಾಕೆ? ಇರ್ಲಿ ಬುಡಕ್ಕ" ಎಂದು ಎರಡನ್ನೂ ಎತ್ತಿ ಫ್ರಿಜ್ಜಿನ ಮೇಲಿಟ್ಟು, ನನಗೆ ಕಾಫಿ ಕಾಸಿದಳು.

ಮಾರನೇ ದಿನದಿಂದ ಸಮುದ್ರ ತೋರಿಸಲು ಶುರುಮಾಡಿದಳು. ಅವಳ ಗಂಡ ಹಡಗಿನ ಕೆಲಸದ ಮೇಲೆ ಹೋಗಿದ್ದ, ಮನೆಯಲ್ಲಿ ನಾವಿಬ್ಬರೇ. ದಿನಕ್ಕೊಂದು ಕಡಲತೀರ. ಏನು ಚೆಂದ ಅಂತೀರಿ! ಮರಳು ಅಕ್ಕಿಹಿಟ್ಟಿನಷ್ಟು ಬಿಳಿ. ನೀರು ದಡದಲ್ಲಿ ತಿಳಿಹಸಿರು, ಮುಂದೆ ನೀಲಿ, ಅದರಾಚೆ ಕಪ್ಪು. ನೀರಿನಿಂದಲೇ ಎದ್ದು ನಿಂತ ಕಲ್ಲುಬೆಟ್ಟಗಳು. ಒಂದು ಕಡೆಯಂತೂ ಮರಳಿನ ಮೇಲೆ ಕುರಿಗಳು ಮಲಗಿದ್ದವು, ಕಾಯುವವನ ಸುಳಿವೇ ಇಲ್ಲ. ಫೋಟೋದಲ್ಲಿ ನೋಡಿದರೆ ಬೆಚ್ಚಗಿನ ದೇಶ ಎನ್ನಬೇಕು. ಕಾಲಿಟ್ಟರೆ ಮಾತ್ರ ಜೀವ ಹೋಗುವ ಚಳಿ. ನಾನು ಸೀರೆ ಮೇಲೆ ಸ್ವೆಟರು, ಅದರ ಮೇಲೆ ಅವಳ ಗಂಡನ ಕೋಟು ಹಾಕಿಕೊಂಡು ಓಡಾಡಿದೆ.

"ಎಂಗದೆ ಅಕ್ಕ?" ಎಂದು ಪ್ರತಿ ತೀರದಲ್ಲೂ ಕೇಳುತ್ತಿದ್ದಳು.

"ಇಷ್ಟೊಂದ್ ನೀರ್ ಮಡಿಕಂಡು ಒಂದ್ ಗದ್ದೆ ಇಲ್ವಲ್ಲೇ ನಿಮ್ಮೂರಲ್ಲಿ" ಎಂದೆ.

ಅವಳು ನಕ್ಕು ನಕ್ಕು ಕೆಮ್ಮಿದಳು. ಅವಳ ಮಾತು ಊರು ಬಿಟ್ಟಾಗ ಹೇಗಿತ್ತೋ ಹಾಗೇ ಇತ್ತು. ನನ್ನ ಮೊಮ್ಮಕ್ಕಳೇ ಈಗ ಹಾಗೆ ಮಾತಾಡುವುದಿಲ್ಲ. ಪಕ್ಕದಲ್ಲೇ ಕೂತು ನಾನು ತಂದ ನಿಪ್ಪಟ್ಟು ಕಡಿಯುತ್ತಿದ್ದವಳನ್ನು ನೋಡುತ್ತ ನೋಡುತ್ತಲೇ ಅವಳು ಬೇಕು ಅನಿಸುತ್ತಿತ್ತು. ಎದುರಿಗಿದ್ದವರಿಗಾಗಿ ಹಂಬಲಿಸುವುದು ಎಂದರೇನು ಎಂದು ನನಗೆ ಅರವತ್ತೆರಡು ವರ್ಷಕ್ಕೆ ಗೊತ್ತಾಯಿತು. ಒಂದೇ ಒಂದು ಸಲ ಊರಿಗೆ ಬಾರೆ, ನಮ್ಮ ಮನೆ ಜಗಲಿಯಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿದು ಹೋಗೆ ಎಂದು ಕೇಳಬೇಕು. ಬಾಯಿ ತೆರೆದರೆ, "ಈ ಗಾಳೀಲಿ ನನ್ ಕಿವಿ ಉದ್ರೋಯ್ತವೆ, ನಡಿ ಮನೆಗೆ" ಎಂದು ಬರುತ್ತಿತ್ತು. ಮನೆಗೆ ಹೋದರೆ ಫ್ರಿಜ್ಜಿನ ಮೇಲೆ ಮೊರ.

ಗೌರಿ ಹಬ್ಬದ ದಿನ ಬಂತು. ಬೆಳಿಗ್ಗೆ ಸ್ನಾನ ಮಾಡಿ, ಮೊರಕ್ಕೆ ಅರಿಶಿನ ಕುಂಕುಮ ಇಟ್ಟು, ಕೊನೆಯ ಸಲ ಕೇಳಿದೆ. "ಈಸ್ಕತೀಯೋ ಇಲ್ವೋ?"

"ಬ್ಯಾಡ ಅಂದ್ನಲ್ಲಕ್ಕ. ಬಲವಂತ ಮಾಡ್ಬೇಡ."

ನನಗೆ ಸಿಟ್ಟು ನೆತ್ತಿಗೇರಿತು. ತುಂಬಿದ ಬಾಗಿನವನ್ನು ವಾಪಸು ಮನೆಗೆ ಒಯ್ಯುವ ಹಾಗಿಲ್ಲ. ಈಸಿಕೊಳ್ಳುವವರು ಇಲ್ಲದಿದ್ದರೆ ಹೊಳೆಗೆ ಬಿಡಬೇಕು. ಶ್ರೀರಂಗಪಟ್ಟಣದಲ್ಲಿ ಎಷ್ಟು ಸಲ ನೋಡಿಲ್ಲ! "ಸರಿ, ನೀರ್ಗಾದ್ರೂ ಬುಡ್ತೀನಿ, ಕರ್ಕಂಡೋಗು" ಎಂದೆ. ಅವಳು ಕಾರಿನ ಕೀ ತೆಗೆದುಕೊಂಡಳು.

ಕುರಿಗಳಿದ್ದ ಆ ತೀರಕ್ಕೇ ಹೋದೆವು. ನೀರು ದೂರ ಸರಿದು ಮರಳು ಅಗಲಕ್ಕೆ ಬಿದ್ದಿತ್ತು. ಅವಳು ಕಾರಿನ ಪಕ್ಕ ನಿಂತಳು, ನಾನೊಬ್ಬಳೇ ಮೊರ ಹಿಡಿದು ನಡೆದೆ. ಕೊರೆಯುವ ನೀರಿನಲ್ಲಿ ಮೊಣಕಾಲವರೆಗೆ ಇಳಿದು, "ತಾಯಿ, ನೀನೇ ಈಸ್ಕೊ" ಎಂದು ಮೊರ ಬಿಟ್ಟೆ. ಬಿಟ್ಟ ಮೇಲೆ ತಿರುಗಿ ನೋಡಬಾರದು, ಅದು ನಮ್ಮ ಪದ್ಧತಿ. ನಾನು ನೋಡಲಿಲ್ಲ. ಸೀರೆ ಎತ್ತಿ ಹಿಡಿದು, ಮುಖ ಗಂಟಿಕ್ಕಿಕೊಂಡು, ಬಿರಬಿರನೆ ದಡದ ಕಡೆ ನಡೆದೆ.

"ಅಕ್ಕಾ!" ಎಂದು ತಂಗಿ ಕೂಗಿದಳು. "ಅಕ್ಕಾ, ನಿನ್ ಇಂದೇನೇ ಬತ್ತಾ ಅದೆ!"

ತಿರುಗಿದೆ. ಹೌದು, ಮೊರ ನನ್ನ ಬೆನ್ನಿಗೇ ಬರುತ್ತಿತ್ತು. ಹೊಳೆದಂಡೆಯವಳು ನಾನು. ನೀರಿಗೆ ಕೊಟ್ಟದ್ದು ಮುಂದೆ ಹೋಗುತ್ತದೆ ಎಂಬುದೊಂದೇ ನನಗೆ ಗೊತ್ತಿದ್ದದ್ದು. ನೀರು ಏರುವ ಹೊತ್ತು ಅದು, ಒಂದೊಂದು ಅಲೆಯೂ ಮೊರವನ್ನು ಇನ್ನಷ್ಟು ದಡಕ್ಕೆ ದಬ್ಬುತ್ತಿತ್ತು. ತಂಗಿಯ ಅಡುಗೆಮನೆ ಗೋಡೆಯಲ್ಲಿ ಸಮುದ್ರ ಏರಿಳಿಯುವ ವೇಳೆಯ ಪಟ್ಟಿಯೇ ಇತ್ತಂತೆ. ನಾನು ಅದನ್ನು ಇಷ್ಟು ದಿನ ಬಸ್ಸಿನ ಟೈಮಿಂಗ್ ಅಂದುಕೊಂಡಿದ್ದೆ.

ಮೇಲಿನ ಮೊರ ಕಳಚಿತು. ಅಕ್ಕಿ ಬೇಳೆ ನೀರುಪಾಲಾಯಿತು, ಕುಂಕುಮ ಕದಡಿತು, ಹಸಿರು ಗಾಜಿನ ಬಳೆಗಳು ಬಿಳಿ ಮರಳಿನ ಮೇಲೆ ಚೆಲ್ಲಾಡಿದವು. ನಾನು ನಿಂತೇ ಇದ್ದೆ. ತಂಗಿ ಬೂಟು ಸಮೇತ ಓಡಿ ಬಂದು ನೀರಿಗಿಳಿದು, ಬಗ್ಗಿ ಬಗ್ಗಿ ಬಳೆ ಆರಿಸತೊಡಗಿದಳು. ಒಂದು ಅಲೆ ಬಂದು ಸೊಂಟದವರೆಗೆ ನೆನೆಸಿತು. ಬಿಡಲಿಲ್ಲ. ಆರಿಸಿದ್ದನ್ನೆಲ್ಲ ಒದ್ದೆ ಮೊರಕ್ಕೆ ಹಾಕಿಕೊಂಡು ನನ್ನೆದುರಿಗೆ ಬಂದಳು. ತುಟಿ ನೀಲಿಯಾಗಿ ನಡುಗುತ್ತಿತ್ತು.

"ನಿಜ ಯೋಳು. ಅವ್ವ ಕಳ್ಸು ಅಂದ್ಲಾ?"

ಮತ್ತೆ ಸುಳ್ಳು ಹೇಳಬಹುದಿತ್ತು. ಮೊರ ಹಿಡಿದ ಅವಳ ಒದ್ದೆ ಕೈ ನೋಡಿ ಆಗಲಿಲ್ಲ.

"ಇಲ್ಲ ಕಣೆ. ಅನ್ನಲಿಲ್ಲ."

"ಒಂದ್ ದಪನಾದ್ರೂ ನನ್ ಹೆಸ್ರೆತ್ತಿದ್ಲಾ?"

"ಇಲ್ಲ."

ಅವಳು ತಲೆಯಾಡಿಸಿದಳು. ಗೊತ್ತಿದ್ದ ವಿಷಯವನ್ನೇ ಇನ್ನೊಮ್ಮೆ ಕೇಳಿದವರು ತಲೆಯಾಡಿಸುತ್ತಾರಲ್ಲ, ಹಾಗೆ. ಅಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪೆಲ್ಲ ಅವ್ವನ ಮೇಲೇ ಉಳಿಯುತ್ತಿತ್ತು. ಆದರೆ ಅಷ್ಟು ವರ್ಷ ನನಗೇನಾಗಿತ್ತು ದಾಡಿ? ನನ್ನ ಸಂಬಳ ನನ್ನ ಕೈಯಲ್ಲಿತ್ತು. ಅಂಚೆ ಕಚೇರಿ ನಮ್ಮ ಸ್ಕೂಲಿನ ಪಕ್ಕದಲ್ಲೇ ಇತ್ತು. ಒಂದು ರವಿಕೆ ಕಣ, ಒಂದು ಡಜನ್ ಬಳೆ ಕಳಿಸಲು ಅವ್ವನ ಅಪ್ಪಣೆ ಬೇಕಿರಲಿಲ್ಲ. ಅವ್ವನಿಗೆ ಬೇಜಾರಾಗುತ್ತದೆ ಎನ್ನುತ್ತ ಅವ್ವನ ಹಿಂದೆ ಅಡಗಿಕೊಂಡವಳು ನಾನು. ಒಬ್ಬಳೇ ಮಗಳಾಗಿರುವುದು ನನಗೂ ಹಿತವಾಗಿತ್ತೇನೋ. ಅದನ್ನೂ ಹೇಳಿದೆ, ಅಲ್ಲೇ ಆ ಗಾಳಿಯಲ್ಲಿ, ಮೂಗು ಸೋರಿಸಿಕೊಂಡು. "ಅವ್ವ ಮಾತ್ರ ಅಲ್ಲ ಕಣೆ. ನಾನೂ ಕಳುಸ್ನಿಲ್ಲ. ಅವ್ವಂಗಾದ್ರೆ ಕ್ವಾಪ ಇತ್ತು. ನಂಗೆ ಅದೂ ಇರ್ನಿಲ್ಲ."

ತಂಗಿ ಒದ್ದೆ ಮೊರವನ್ನು ನನ್ನ ಕೈಗೇ ವಾಪಸು ಕೊಟ್ಟಳು. ಮುಗಿಯಿತು ಅಂದುಕೊಂಡೆ.

"ಅವ್ವಂದು ಅಂದ್ರೆ ನಂಗ್ ಬ್ಯಾಡ" ಎಂದಳು. "ನಿಂದು ಅಂತ ಯೋಳು, ಈಸ್ಕತೀನಿ."

"ನಂದು ಕಣೆ" ಎಂದೆ. "ನಾನೇ ಪ್ಯಾಟೆ ಸಂತೇಲಿ ತಂದಿದ್ದು."

ಅವಳಿಗೆ ಒಡ್ಡಲು ಸೆರಗಿರಲಿಲ್ಲ. ಕುತ್ತಿಗೆಗೆ ಸುತ್ತಿದ್ದ ಉಲ್ಲನ್ ಸ್ಕಾರ್ಫು ಬಿಚ್ಚಿ, ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ನಾನು ಕೋಟಿನೊಳಗಿಂದ ಸೆರಗು ಎಳೆದು ಮೊರಕ್ಕೆ ಮುಚ್ಚಿದೆ. ಅಕ್ಕಿ ಇರಲಿಲ್ಲ, ಬೆಲ್ಲ ಇರಲಿಲ್ಲ, ಏಳೋ ಎಂಟೋ ಬಳೆ ಇದ್ದವು. ನನ್ನ ತಂಗಿಗೆ ನಾನು ಬಾಗಿನ ಕೊಟ್ಟೆ.