ಮುನಿಕೃಷ್ಣಮ್ಮನ ಮಡಿಲ ಈರುಳ್ಳಿ

ಮುನಿಕೃಷ್ಣಮ್ಮನಿಗೆ ನಿಜವಾದ ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಬೈಯುವ ಹೆಂಗಸಾಗಿದ್ದರೆ ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಲಾರಿ ಹಾರನ್ನಿನ ಹಾಗೆ ಅಲ್ಲಿ ಬೆಳಗಿನಿಂದ ಬೈಗುಳ ಕೇಳಿಸುತ್ತಲೇ ಇರುತ್ತದೆ. ಆದರೆ ಈಕೆ ತುಟಿ ಬಿಗಿದಳೆಂದರೆ ಮೂಟೆ ಹೊತ್ತ ಹಮಾಲಿಗಳು ಕೂಡ ಸ್ವಲ್ಪ ಬಳಸಿಕೊಂಡು ನಡೆಯುತ್ತಿದ್ದರು. ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರಿನಲ್ಲಿ ಆಕೆ ಮೂರು ದಿನ ತುಟಿ ಬಿಗಿದು ಕೂತಿದ್ದಳು.

ಆಕೆ ಚಿಕ್ಕಬಾಣಾವರದ ಹಳೇ ಊರಿನವಳು. ಮದುವೆಯಾಗಿ ಬಂದಾಗ ಮನೆಯ ಹಿತ್ತಲಿಗೆ ತಾಗಿ ರಾಗಿ ಹೊಲವಿತ್ತು. ಈಗ ಬಾಗಿಲು ತೆಗೆದರೆ ಎದುರಿಗೆ ಕಾಲೇಜು ಹುಡುಗರ ಪಿ.ಜಿ. ಗೋಡೆ. ಗಂಡ ಆಂಜಿನಪ್ಪ ಬಣ್ಣ ಬಳಿಯುವವನು. ಏಣಿಯಿಂದ ಬಿದ್ದು ಸೊಂಟ ಹಿಡಿದುಕೊಂಡ ಮೇಲೆ ತಿಂಗಳಿಗೆ ಹತ್ತು ದಿನ ಕೆಲಸಕ್ಕೆ ಹೋದರೆ ಅದೇ ಹೆಚ್ಚು. ಹಾಗಾಗಿ ಮನೆ ನಡೆಯುತ್ತಿದ್ದದ್ದು ಮುನಿಕೃಷ್ಣಮ್ಮನ ಕೈಯಿಂದ. ಬೆಳಗಿನ ರೈಲಿಗೆ ಯಶವಂತಪುರಕ್ಕೆ ಬಂದು ಇಳಿದು, ನರಸಯ್ಯನವರ ಈರುಳ್ಳಿ ಮಂಡಿಗೆ ಆಕೆ ಹೋಗತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು.

ಕೆಲಸ ಈರುಳ್ಳಿ ಆಯುವುದು. ಲಾರಿಯಿಂದ ಇಳಿದ ಮೂಟೆಯನ್ನು ಗೋಣಿತಾಟಿನ ಮೇಲೆ ಸುರಿದರೆ ಒಂಬತ್ತು ಜನ ಹೆಂಗಸರು ಸುತ್ತ ಕೂತು ಕೊಳೆತದ್ದು, ಮೊಳೆತದ್ದು, ಒಡೆದು ಜೋಡಿಯಾದದ್ದು ಎಲ್ಲವನ್ನೂ ತೆಗೆದು ಹರಾಜಿಗೆ ಸಿದ್ಧ ಮಾಡಬೇಕು. ನೋಡಲು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಕಣ್ಣಿಗೆ ದುಂಡಗೆ ಕಾಣುವ ಗೆಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿಂದ ಒತ್ತಿ, ಒಳಗೆ ನೀರಾಗಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಮಾತ್ರ ಐದಾರು ವರ್ಷ ಬೇಕು. ನೀರಾದ ಒಂದು ಗೆಡ್ಡೆ ಮೂಟೆಯೊಳಗೆ ಉಳಿದರೆ ಎರಡು ದಿನದಲ್ಲಿ ಅರ್ಧ ಮೂಟೆ ಹೋಗುತ್ತದೆ. ಆಯುವ ಕೂಲಿ ಮೂಟೆಗೆ ಹತ್ತು ರೂಪಾಯಿ. ಅದರ ಮೇಲೆ ಮಡಿಲು.

ಮಡಿಲು ಹಿರಿಯ ಸಾಹುಕಾರ ನರಸಯ್ಯನವರು ಇಟ್ಟ ಪದ್ಧತಿ. ಸಂಜೆ ಕೆಲಸ ಮುಗಿದ ಮೇಲೆ, ಆಯ್ದು ಬಿಸಾಕಿದ ರಾಶಿಯಿಂದ ಒಬ್ಬೊಬ್ಬ ಹೆಂಗಸು ತನ್ನ ಸೆರಗಿನ ಮಡಿಲು ತುಂಬುವಷ್ಟು ಒಯ್ಯಬಹುದು. ಅರ್ಧ ಕೊಳೆತದ್ದನ್ನು ಕೊಯ್ದು, ಉಳಿದರ್ಧ ಸಾರಿಗೆ. ದುಡಿದ ಹೆಣ್ಣುಮಗಳು ಬರಿ ಮಡಿಲಲ್ಲಿ ಮನೆಗೆ ಹೋಗಬಾರದು ಎಂದು ಆ ಮುದುಕ ಹೇಳುತ್ತಿದ್ದ. ಮುನಿಕೃಷ್ಣಮ್ಮ ತನ್ನ ಪಾಲಿನಲ್ಲಿ ಒಂದಿಷ್ಟನ್ನು ಪಕ್ಕದ ಮನೆಯ ರಾಧಾಮಣಿಗೆ ಕೊಡುತ್ತಿದ್ದಳು. ರಾಧಾಮಣಿ ಎರಡು ಹಸು ಕಟ್ಟಿದ್ದಳು. ಈರುಳ್ಳಿಗೆ ಬದಲು ದಿನಾ ಅರ್ಧ ಲೀಟರ್ ಹಾಲು ಬರುತ್ತಿತ್ತು.

ಮುದುಕ ಮೂಲೆ ಹಿಡಿದ ಮೇಲೆ ಮಗ ವಾಸು ಗಲ್ಲಾಪೆಟ್ಟಿಗೆಗೆ ಕೂತ. ಹಿಂದಿನ ವರ್ಷ, ಹದಿನೆಂಟರ ಡಿಸೆಂಬರಿನಲ್ಲಿ, ಈರುಳ್ಳಿಯನ್ನು ಕೇಳುವವರಿರಲಿಲ್ಲ. ಯಾರ್ಡಿಗೆ ತಂದ ರೈತನಿಗೆ ಲಾರಿ ಬಾಡಿಗೆ ಕೂಡ ಹುಟ್ಟುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಒಂಬತ್ತು ಜನ ಹೆಂಗಸರು ಕೂಲಿಯನ್ನು ಹದಿಮೂರು ಮಾಡಬೇಕೆಂದು ಕೇಳಿದರು. ಎಲ್ಲರ ಪರವಾಗಿ ಮಾತಾಡಲು ಹೋದವಳು ಮುನಿಕೃಷ್ಣಮ್ಮ.

ವಾಸು ನಗುತ್ತಲೇ ಮಾತಾಡಿದ. "ಇಂಥಾ ರೇಟಲ್ಲಿ ಮೂರು ರೂಪಾಯಿ ಎಲ್ಲಿಂದ ತರ್ಲಿ ಹೇಳು ಮುನಿಕೃಷ್ಣಮ್ಮಾ? ಒಂದು ಮಡಿಲಿನ ಜಾಗಕ್ಕೆ ಎರಡು ತಗೊಂಡೋಗಿ. ಚೀಲ ತಂದ್ರೂ ನಾನು ಬೇಡ ಅನ್ನಲ್ಲ."

ಆಕೆ ಒಪ್ಪಿಕೊಂಡು ಬಂದಳು. ಗೆದ್ದೆನೆಂದೇ ಅಂದುಕೊಂಡಿದ್ದಳು. ಸುದ್ದಿ ಕೇಳಿ ಉಳಿದವರೆಲ್ಲ ತಲೆಯಾಡಿಸಿದರು, ಮತ್ತೀಕೆರೆ ಕಡೆಯಿಂದ ಬರುವ ಸಬೀರಾ ಒಬ್ಬಳು ಕೇಳಿದಳು, "ಅಕ್ಕಾ, ಈರುಳ್ಳಿ ಕೊಟ್ರೆ ಸ್ಕೂಲಲ್ಲಿ ಫೀಸ್ ಮುರ್ಕೊಳ್ತಾರಾ?" ನಿನಗೆ ಎಷ್ಟು ಕೊಟ್ಟರೂ ಸಾಲದು ಎಂದು ಮುನಿಕೃಷ್ಣಮ್ಮ ಎಲ್ಲರೆದುರಿಗೆ ಅವಳ ಬಾಯಿ ಮುಚ್ಚಿಸಿದಳು.

ತಿಂಗಳು ಕಳೆಯುವುದರೊಳಗೆ ಮುನಿಕೃಷ್ಣಮ್ಮನಿಗೆ ಬೆಂಕಿ ಮುಟ್ಟಿದಂತಾಯಿತು. ಪಕ್ಕದ ಮಂಡಿಯವನು ಕೊಳೆತ ರಾಶಿ ಎತ್ತಿಸಲು ಟ್ರ್ಯಾಕ್ಟರಿನವನಿಗೆ ದುಡ್ಡು ಕೊಡುವುದನ್ನು ಕಣ್ಣಾರೆ ಕಂಡಳು. ವಾಸುವಿನ ಮಂಡಿಯಲ್ಲಿ ಆ ಖರ್ಚೇ ಇರಲಿಲ್ಲ. ಒಂಬತ್ತು ಜನ ಹೆಂಗಸರು ಅದನ್ನು ಚೀಲಚೀಲವಾಗಿ ರೈಲಿನಲ್ಲಿ, ಬಸ್ಸಿನಲ್ಲಿ ಹೊತ್ತೊಯ್ಯುತ್ತಿದ್ದರು. ಒಯ್ದು ಮಾಡುವುದೇನು? ಅಂಗಡಿಯಲ್ಲೇ ನೂರು ರೂಪಾಯಿಗೆ ಎಂಟು ಹತ್ತು ಕೆ.ಜಿ. ಕೂಗಿ ಕೊಡುವಾಗ ರಾಧಾಮಣಿ, ನಮ್ಮ ಹಸು ಕೂಡ ಮೂಸಲ್ಲ ಕಣೇ ಎಂದು ಹಾಲು ನಿಲ್ಲಿಸಿದಳು. ಬೆಲೆ ಬಿದ್ದಾಗ ಹಾಲು ಹೋಯಿತು, ಹೆಚ್ಚಿನ ಕೂಲಿಯೂ ಹೋಯಿತು. ಆ ಮೂರು ರೂಪಾಯಿ ಒಬ್ಬಳದಲ್ಲ, ಒಂಬತ್ತು ಜನರದು. ಅದನ್ನು ಕೈಯಾರೆ ಕೊಟ್ಟುಬಂದವಳು ತಾನು ಎಂಬುದು ಅವಳ ಎದೆಯೊಳಗೆ ಮುಳ್ಳಾಗಿ ಕೂತಿತು. ಬೆಲೆ ಚೇತರಿಸಲಿ, ಆಗ ಕೇಳಿ ವಾಪಸು ತರುತ್ತೇನೆ ಎಂದು ಸಬೀರಾಳಿಗೆ ಮಾತು ಕೊಟ್ಟಳು.

ಬೆಲೆ ಚೇತರಿಸಲಿಲ್ಲ, ಹುಚ್ಚು ಹಿಡಿದವರ ಹಾಗೆ ಓಡಿತು. ಹತ್ತೊಂಬತ್ತರಲ್ಲಿ ಈರುಳ್ಳಿ ಕೀಳುವ ಕಾಲಕ್ಕೆ ಸರಿಯಾಗಿ ಮಳೆ ಸುರಿದು, ಬೆಳೆ ಹೊಲದಲ್ಲೇ ಕೊಳೆಯಿತು. ಅರವತ್ತು, ಎಂಬತ್ತು, ನೂರಿಪ್ಪತ್ತು. ಡಿಸೆಂಬರಿನ ಹೊತ್ತಿಗೆ ಕೆ.ಜಿ.ಗೆ ಇನ್ನೂರು ಎಂದು ಅಂಗಡಿಯವರು ಕಣ್ಣು ಮಿಟುಕಿಸದೆ ಹೇಳಿದರು. ಟಿ.ವಿ.ಯವರು ಯಾರ್ಡಿಗೆ ಬಂದು ಮೂಟೆಗಳ ಮುಂದೆ ನಿಂತು ಏನೇನೋ ಒದರಿದರು. ಅದನ್ನು ನೋಡಿದ ಆಂಜಿನಪ್ಪ, "ಏನಮ್ಮಿ, ಯಾರ್ಡ್ನೋರಿಗೆಲ್ಲ ಸುಗ್ಗಿಯಂತೆ? ನಂಗೊಂದು ಬುಲೆಟ್ ಗಾಡಿ ಕೊಡ್ಸು" ಎಂದು ಕಿಚಾಯಿಸಿದ. ಆಕೆ ಮುಖ ತಿರುಗಿಸಿದಳು.

ಸುಗ್ಗಿ ಯಾರಿಗೆ? ಮೊದಲು ಒಬ್ಬೊಬ್ಬಳು ದಿನಕ್ಕೆ ಮೂವತ್ತು ಮೂಟೆ ಆಯುತ್ತಿದ್ದಲ್ಲಿ ಈಗ ಹನ್ನೊಂದು ಮೂಟೆ ಸಿಕ್ಕರೆ ಪುಣ್ಯ. ಮಾಲೇ ಬರುತ್ತಿರಲಿಲ್ಲ. ವಾಸುವಿನ ಕಮಿಷನ್ನು ನೂರಕ್ಕೆ ಇಷ್ಟು ಎಂದು ಇರುವುದರಿಂದ ಮೂಟೆ ಕಡಿಮೆಯಾದರೂ ಬೆಲೆ ಏರಿದಷ್ಟೂ ಅವನ ಕೈ ತುಂಬುತ್ತಿತ್ತು. ಹೆಂಗಸರಿಗೆ, ಹಮಾಲಿಗಳಿಗೆ ಮೂಟೆಗೆ ಇಷ್ಟು. ಒಳಗಿರುವುದು ಚಿನ್ನವಾದರೂ ಅಷ್ಟೇ, ಕಸವಾದರೂ ಅಷ್ಟೇ. ಈ ಸತ್ಯ ಯಾವ ಟಿ.ವಿ.ಯವನ ಬಾಯಲ್ಲೂ ಬರಲಿಲ್ಲ. ಇನ್ನು ಅದೇ ರಾಧಾಮಣಿ ಕಾಂಪೌಂಡಿಗೆ ಬಂದು, ಹಾಲು ಬೇಕಾದರೆ ಒಂದು ಲೀಟರೇ ಕೊಡ್ತೀನಿ, ಮಡಿಲು ತರ್ತೀಯಲ್ಲ ಎಂದು ಹಲ್ಲು ಕಿರಿದಳು.

ತರುವುದಾದರೂ ಎಲ್ಲಿಂದ? ಆಯ್ದು ಎಸೆಯುವ ರಾಶಿಯೇ ಕರಗಿತ್ತು. ವಾಸು ಬಿಸಾಕಿದ್ದನ್ನೂ ಮತ್ತೆ ಆಯಿಸಿ ಹೋಟೆಲಿನವರಿಗೆ ಮಾರುತ್ತಿದ್ದ. ಮಡಿಲಿಗೆ ಸಿಗುತ್ತಿದ್ದದ್ದು ಮೂರೋ ನಾಲ್ಕೋ ಗೆಡ್ಡೆ.

ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿಯಿತು. ಸಬೀರಾ ಮುಂದೆ ನಡೆದಿದ್ದಳು. ಮಂಡಿಯ ಬಾಗಿಲಲ್ಲಿ ಹೊಸದಾಗಿ ನಿಂತಿದ್ದ ಸೆಕ್ಯೂರಿಟಿಯವನು ಕೋಲು ಅಡ್ಡ ಹಿಡಿದ. ಮಡಿಲು ಕೊಡವು ಎಂದ. ಸಬೀರಾ ಅರ್ಥವಾಗದೆ ನಿಂತಾಗ ಗಲ್ಲಾದಿಂದ ವಾಸುವೇ, ಕೊಡವಮ್ಮ, ಎಲ್ಲರದ್ದೂ ನೋಡ್ತಾರೆ ಎಂದು ಕೂಗಿದ. ಹಮಾಲಿಗಳು, ಲಾರಿ ಡ್ರೈವರುಗಳು, ಕೊಳ್ಳಲು ಬಂದವರು, ಅಷ್ಟೂ ಗಂಡಸರ ಮುಂದೆ ಸಬೀರಾ ಸೆರಗು ಬಿಚ್ಚಿ ಕೊಡವಿದಳು. ನಾಲ್ಕು ಗೆಡ್ಡೆ ಕೆಸರಿಗೆ ಉರುಳಿದವು. ಎರಡು ಅರ್ಧ ಕೊಳೆತಿದ್ದವು.

ನಿನ್ನೆಯವರೆಗೆ ಪದ್ಧತಿಯಾಗಿದ್ದದ್ದು ಇವತ್ತು ಕಳ್ಳತನವಾಗಿತ್ತು. ಮಧ್ಯದಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ಮುಟ್ಟಿದರೆ ಸುಡುವಂತಿದ್ದಳು ಮುನಿಕೃಷ್ಣಮ್ಮ. ಬಾಗಿಲ ಕಡೆಗೆ ಹೋಗದೆ ನೇರವಾಗಿ ಗಲ್ಲಾದ ಪಕ್ಕದ ತೂಕದ ಮೆಷಿನ್ನಿನ ಹತ್ತಿರ ಹೋದಳು. ತನ್ನ ಮಡಿಲಲ್ಲಿದ್ದ ಐದು ಗೆಡ್ಡೆಯನ್ನು ಅದರ ಮೇಲಿಟ್ಟಳು.

"ಬರ್ಕೊಳ್ಳಿ ಸಾವ್ಕಾರ್ರೇ. ಇಪ್ಪತ್ತೆರಡು ವರ್ಸದ್ದೂ ಸೇರ್ಸಿ ಬರ್ಕೊಳ್ಳಿ."

ವಾಸು ಕೊಂಚ ತಬ್ಬಿಬ್ಬಾದ. ಇವತ್ತಿನ ರೇಟಿನಲ್ಲಿ ಮಡಿಲು ತುಂಬಿದರೆ ಐನೂರು ರೂಪಾಯಿ ಆಗುತ್ತದೆ, ಒಂಬತ್ತು ಜನಕ್ಕೆ ದಿನಾ ಅಷ್ಟು ಯಾರು ಕೊಡುತ್ತಾರೆ, ನೀನೇ ಯೋಚನೆ ಮಾಡು ಎಂದ. ಯೋಚನೆ ಮಾಡಿದ್ದೇನೆ ಎಂದಳು ಆಕೆ. ಮಡಿಲು ಬೇಡ; ಮಡಿಲು ತೋರಿಸಿ ಉಳಿಸಿಕೊಂಡ ಆ ಮೂರು ರೂಪಾಯಿ ಕೊಡಿ. ಅದಕ್ಕೆ ಅವನು, "ರೇಟು ಇಳೀಲಿ, ಆಮೇಲೆ ನೋಡಾಣ" ಅಂದ.

ಬೆಲೆ ಬಿದ್ದಾಗಲೂ ಕೊಡಲಾಗದು, ಏರಿದಾಗಲೂ ಕೊಡಲಾಗದು. ಇವನಿಗೆ ಕೊಡಲು ಆಗುವ ರೇಟು ಈ ಭೂಮಿಯ ಮೇಲೆ ಇದೆಯೇ? ಮುನಿಕೃಷ್ಣಮ್ಮನ ಬಾಯಿ ಅಲ್ಲಿಗೆ ಕಟ್ಟಿತು.

ಮಾರನೆಯ ದಿನ ಒಂಬತ್ತೂ ಜನ ಎಂದಿನ ಹೊತ್ತಿಗೆ ಬಂದರು. ಮಂಡಿಯ ಮುಂದೆ ಗೋಣಿತಾಟು ಹಾಸಿಕೊಂಡು ಕೈಕಟ್ಟಿ ಕೂತರು. ಘೋಷಣೆಯಿಲ್ಲ, ಜಗಳವಿಲ್ಲ. ವಾಸು ಹೊರಗಿನಿಂದ ನಾಲ್ಕು ಜನ ಗಂಡಸರನ್ನು ಕರೆತಂದು ಆಯಿಸಿದ. ಅವರಿಗೆ ಹೆಬ್ಬೆರಳಿನ ವಿದ್ಯೆ ಎಲ್ಲಿಂದ ಬರಬೇಕು? ಎರಡನೆಯ ದಿನದ ಹರಾಜಿನಲ್ಲಿ ಕೊಳ್ಳುವವನೊಬ್ಬ ಮೂಟೆಗೆ ಕೈ ಹಾಕಿ, ಅಂಬಲಿಯಂಥ ಕೊಳೆ ಎಳೆದು ವಾಸುವಿನ ಮೇಜಿಗೇ ಒರೆಸಿ ಹೋದ. ಹಮಾಲಿ ತಾಜುದ್ದೀನ್ ಮೂಟೆ ಹೊತ್ತು ಹಾಯುವಾಗಲೆಲ್ಲ ಹೆಂಗಸರ ಕಡೆ ನೋಡಿ, "ಇಂಗೇ ಕೂತಿರಿ, ವಾಸ್ನೆ ಚೆನ್ನಾಗ್ ಬರ್ತಾ ಐತೆ" ಅನ್ನುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ದೊಡ್ಡ ಲಾರಿ ಬಂತು. ಮಳೆಗೆ ಸಿಕ್ಕ ಮಾಲು. ಲಾರಿಯ ಹಲಗೆಯ ಸಂದಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಹರಾಜಿಗೆ ಮೂರು ಗಂಟೆಯಿತ್ತು. ಆಯದೆ ಇಟ್ಟರೆ ಅರ್ಧಕ್ಕರ್ಧ ಲುಕ್ಸಾನು. ವಾಸು ಮುನಿಕೃಷ್ಣಮ್ಮನನ್ನು ಮೂಟೆಗಳ ಹಿಂದೆ ಕರೆದ. ನೀನು ನಮ್ಮ ಅಪ್ಪನ ಕಾಲದವಳು, ನಿನ್ನನ್ನು ಮೇಸ್ತ್ರಿ ಮಾಡುತ್ತೇನೆ, ನಿನಗೆ ಮೂಟೆಗೆ ಹದಿನೈದು, ಉಳಿದವರನ್ನು ಎಬ್ಬಿಸಿ ಕೆಲಸಕ್ಕೆ ಹಾಕು, ಹದಿನೈದರ ವಿಷಯ ನಮ್ಮಿಬ್ಬರಲ್ಲೇ ಇರಲಿ ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಆಕೆ ಈಚೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಸಬೀರಾ, ಸಣ್ ಸಾವ್ಕಾರ್ರು ನಂಗೊಬ್ಬಳಿಗೆ ಹದಿನೈದ್ ಕೊಡ್ತಾರಂತೆ. ನಿಮಗೆಲ್ಲ ಹತ್ತೇ ಅಂತೆ. ಹೋದ್ಸಾರಿ ನಾನು ಮಾತಾಡಕ್ಕೋಗಿ ಕೆಡಿಸ್ದೆ. ಈಗ ನೀನ್ ಮಾತಾಡವ್ವ."

ತಾಜುದ್ದೀನ್ ಹೊತ್ತ ಮೂಟೆಯನ್ನು ಇಳಿಸಿ ಅದರ ಮೇಲೇ ಕೂತ. ಸಬೀರಾ ಎದ್ದು ನಿಲ್ಲಲೂ ಇಲ್ಲ, ಕೂತಲ್ಲಿಂದಲೇ, "ಒಂಬತ್ ಜನಕ್ಕೂ ಹದಿಮೂರು. ಇವತ್ತಿಂದ. ರೇಟ್ ಇಳಿದ್ರೂ ಹದಿಮೂರೇ. ಬಾಗಿಲ ಹತ್ರ ಇರೋ ಆ ಕೋಲ್ನೋನು ನಮ್ಮನ್ನ ಮುಟ್ಬಾರ್ದು" ಅಂದಳು.

ಹಿಂದಿನ ವರ್ಷದ ಬಾಕಿಯನ್ನೂ ಕೇಳಬೇಕಿತ್ತು ಎಂದು ಮುನಿಕೃಷ್ಣಮ್ಮನಿಗೆ ಅನ್ನಿಸಿತು. ಆದರೆ ಮಾತು ಈಗ ಸಬೀರಾಳದ್ದು. ಲಾರಿಯ ಕೆಳಗಿನ ನೀರು ಹರಿದು ವಾಸುವಿನ ಚಪ್ಪಲಿಯವರೆಗೆ ಬಂದಿತ್ತು. ಆಯಿತು ಹದಿಮೂರು, ಆದರೆ ಇನ್ನು ಮೇಲೆ ಮಂಡಿಯ ಒಂದು ಗೆಡ್ಡೆಯನ್ನೂ ಯಾರೂ ಒಯ್ಯುವಂತಿಲ್ಲ, ಕೊಳೆತದ್ದನ್ನು ಕೂಡ ಎಂದು ಅವನು ಬುಸುಗುಟ್ಟಿದ.

ಹೆಂಗಸರು ಕೆಲಸಕ್ಕೆ ಕೂತರು. ಅವತ್ತು ಆಯ್ದಂತೆ ಅವರು ಎಂದೂ ಆಯ್ದಿರಲಿಲ್ಲ. ಒಂದು ಚುಕ್ಕೆ ಕಂಡರೂ ಹಿಂದಕ್ಕೆ. ಹರಾಜು ಚೆನ್ನಾಗಿಯೇ ಆಯಿತು. ಆದರೆ ಸಂಜೆ ಐದರ ಹೊತ್ತಿಗೆ ಗೋಡೆಯ ಬದಿಗೆ ಮೊಣಕಾಲೆತ್ತರದ ಕೊಳೆತ ರಾಶಿ ಬಿದ್ದಿತ್ತು. ನೊಣ ಮುತ್ತಿ, ಪಕ್ಕದ ಮಂಡಿಯವರು ಮೂಗು ಮುಚ್ಚಿಕೊಂಡು ವಾಸುವಿನ ಜೊತೆ ತಗಾದೆ ತೆಗೆದರು. ವಾಸು ಹೆಂಗಸರ ಹತ್ತಿರ ಬಂದು, ಹೋಗ್ತಾ ಒಂದಿಷ್ಟು ತಗೊಂಡ್ಹೋಗ್ರಮ್ಮ, ಅದರಲ್ಲೇನಿದೆ ಎಂದ.

"ಅದು ಮಂಡಿ ಮಾಲು" ಎಂದಳು ಮುನಿಕೃಷ್ಣಮ್ಮ. "ಎತ್ತಾಕಕ್ಕೆ ಟ್ರ್ಯಾಕ್ಟ್ರು ಕರೀರಿ."

ಅವತ್ತಿನ ಕೂಲಿಯಲ್ಲಿ ಒಂದು ಕೆ.ಜಿ. ಈರುಳ್ಳಿ ಕೂಡ ಬರುತ್ತಿರಲಿಲ್ಲ. ಮನೆಯಲ್ಲಿ ಅವತ್ತೂ ಬರೀ ಬೆಳ್ಳುಳ್ಳಿ ಒಗ್ಗರಣೆಯ ಸಾರೇ. ಅದು ಅವಳಿಗೆ ಗೊತ್ತಿತ್ತು, ಸಿಟ್ಟೂ ಇಳಿದಿರಲಿಲ್ಲ. ಆದರೂ ಟ್ರ್ಯಾಕ್ಟರಿನವನು ಬಂದು, ಜಗ್ಗಾಡಿ, ಹೇಳಿದಷ್ಟು ಕೊಟ್ಟರೇ ಎತ್ತುವುದು ಎಂದು ಪಟ್ಟು ಹಿಡಿದು, ಕೊನೆಗೆ ವಾಸು ಜೇಬಿಗೆ ಕೈ ಹಾಕಿ ನೋಟು ಎಣಿಸುವವರೆಗೆ ಒಂಬತ್ತು ಜನರಲ್ಲಿ ಒಬ್ಬಳೂ ಜಾಗ ಬಿಟ್ಟು ಕದಲಲಿಲ್ಲ. ಅದನ್ನು ನೋಡುವುದಕ್ಕೆಂದೇ ಮುನಿಕೃಷ್ಣಮ್ಮ ಅವತ್ತು ಚಿಕ್ಕಬಾಣಾವರದ ರೈಲು ತಪ್ಪಿಸಿಕೊಂಡಳು.