ಅಂಜೂರ ತೋಟದ ಮೇಸ್ತ್ರಮ್ಮ

ಮೇಸ್ತ್ರಮ್ಮನ ಹೆಬ್ಬೆರಳನ್ನು ರೇಷನ್ ಅಂಗಡಿಯ ಯಂತ್ರ ಒಪ್ಪುತ್ತಿರಲಿಲ್ಲ. ಆಕೆ ಬೆರಳನ್ನು ಸೆರಗಿಗೆ ಒರೆಸಿ ಒತ್ತುತ್ತಿದ್ದಳು, ಉಗುಳು ಹಚ್ಚಿ ಒತ್ತುತ್ತಿದ್ದಳು, ಬಲಗೈ ಆದಮೇಲೆ ಎಡಗೈ. ಹತ್ತೂ ಬೆರಳು ಮುಗಿದರೂ ಯಂತ್ರ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತಿತ್ತು. ಅಂಜೂರದ ಹಾಲು ಆಕೆಯ ಬೆರಳ ತುದಿಯ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಉಳಿದದ್ದು ಹಳೆಯ ಒರಳಿನ ಒಳಮೈಯಂಥ ಕಪ್ಪು ನುಣುಪು. ಹಿಂದೆ ನಿಂತವರು ಗೊಣಗಿದರೆ ಆಕೆ ಯಂತ್ರಕ್ಕೇ ಹೇಳುತ್ತಿದ್ದಳು: "ಮೂವತ್ತು ವರ್ಷ ಇದ್ದಬದ್ದ ಗೆರಿ ಎಲ್ಲಾ ಹಣ್ಣಿಗಿ ಕೊಟ್ಟೀನಪಾ. ನಿನಗಂತ ಎಲ್ಲಿಂದ ತರ್ಲಿ?" ಸಾಲಿಗೆ ಸಾಲೇ ನಗುತ್ತಿತ್ತು. ಕೊನೆಗೆ ಅಂಗಡಿಯವನು ಫೋನಿಗೆ ಬಂದ ಓಟಿಪಿ ಕೇಳಿ ಅಕ್ಕಿ ಅಳೆದುಕೊಡುತ್ತಿದ್ದ.

ಕುರುಗೋಡಿನಲ್ಲಿ ನಮ್ಮ ಅಣ್ಣನ ಮನೆಯ ಹಿಂದಿನ ಓಣಿಯಲ್ಲಿ ಆಕೆಯ ಮನೆ. ಹನ್ನೆರಡು ಹೆಂಗಸರ ಗುಂಪು ಕಟ್ಟಿಕೊಂಡು ಹಂಗಾಮಿಗೆ ತಕ್ಕಂತೆ ತೋಟಗಳಿಗೆ ಹೋಗುತ್ತಿದ್ದಳು. ಶಿವರಾತ್ರಿ ಹಿಂದೆಮುಂದೆ ಅಂಜೂರ ಶುರುವಾದರೆ ಬಿಸಿಲು ನೆತ್ತಿ ಸುಡುವವರೆಗೂ ಅದೇ ಕೆಲಸ. ಅದು ಮುಗಿದರೆ ಸಿರುಗುಪ್ಪದ ಕಡೆ ದಾಳಿಂಬೆ, ಅದೂ ಇಲ್ಲದಾಗ ಮೆಣಸಿನಕಾಯಿ. ಗುಂಪನ್ನು ಕರೆತರುವವಳು, ಕೆಲಸ ಹಂಚುವವಳು ಆಕೆಯಾದ್ದರಿಂದ ಎಲ್ಲರ ಬಾಯಲ್ಲೂ ಮೇಸ್ತ್ರಮ್ಮ. ಗಂಡ ಇದ್ದ, ಮಕ್ಕಳಿದ್ದರು, ಅವರೂ ಮೇಸ್ತ್ರಮ್ಮ ಅಂತಲೇ ಕರೆಯುತ್ತಿದ್ದರು.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿದ್ದವಳು. ಗಂಡ ತೀರಿದ ಮೇಲೆ ಹೊಲಿಗೆಯೇ ನನಗೆ ಗಂಡ, ಹೊಲಿಗೆಯೇ ತವರು. ಆ ವರ್ಷ ಆರ್ಡರ್ ಇಲ್ಲವೆಂದು ಯೂನಿಟ್ಟಿನ ಬಾಗಿಲು ಹಾಕಿದರು. ಬಾಡಿಗೆ ಮನೆ ಬಿಟ್ಟು ಅಣ್ಣನ ಮನೆಗೆ ಬಂದೆ. ಹೊಟ್ಟೆಗೆ ಕಡಿಮೆಯೇನೂ ಇರಲಿಲ್ಲ, ಆದರೆ ಅತ್ತಿಗೆ ರೊಟ್ಟಿ ಬಡಿಯುವ ಸದ್ದು ದಿನದಿಂದ ದಿನಕ್ಕೆ ಜೋರಾಗುತ್ತಿತ್ತು. ಒಂದು ದಿನ ನಾನೇ ಹಿಂದಿನ ಓಣಿಗೆ ಹೋಗಿ, "ನನ್ನೂ ಕರಕೊಂಡು ಹೋಗ್ರಿ" ಅಂದೆ. ಮೇಸ್ತ್ರಮ್ಮ ನನ್ನ ಕೈ ತಿರುಗಿಸಿ ನೋಡಿದಳು. "ಟೇಲರಮ್ಮನ ಕೈ. ಹಾಲು ಬಿದ್ದರ ಸುಡತೈತಿ. ತಡಕೊಂತೀ?" ಅಂದಳು. ತಡೆದುಕೊಳ್ಳುತ್ತೇನೆ ಅಂದೆ. ಅವತ್ತಿನಿಂದ ನನ್ನ ಹೆಸರು ಟೇಲರಮ್ಮ.

ಬೆಳಗಿನ ಐದಕ್ಕೆ ಟಂಟಂ ಆಟೋ ಬರುತ್ತಿತ್ತು. ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ಸೀರೆಯ ಮೇಲೆ ಹಾಕಿಕೊಂಡು, ಕೈಗೆ ಶೇಂಗಾ ಎಣ್ಣೆ ಸವರಿಕೊಂಡು ಹೊರಡುತ್ತಿದ್ದೆವು. ಅಂಜೂರ ನೋಡಲು ಸಾಧು ಹಣ್ಣು, ಕೀಳಲು ಮಹಾ ಕಿರಿಕಿರಿ. ಎಲೆ ತಾಗಿದರೆ ತುರಿಕೆ, ತೊಟ್ಟು ಮುರಿದರೆ ಬಿಳಿ ಹಾಲು, ಹಾಲು ತಾಗಿದಲ್ಲಿ ಚರ್ಮ ಸುಲಿಯುತ್ತದೆ. ಮೊದಲ ದಿನ ಆಕೆ ಹೇಳಿಕೊಟ್ಟದ್ದು ಒಂದೇ ಮಾತು: "ಕತ್ತು ಬಾಗಿದ್ದನ್ನ ಹರಿ, ಕತ್ತು ಎತ್ತಿದ್ದನ್ನ ನಾಳಿಗಿ ಬಿಡು." ಹಣ್ಣಾದ ಅಂಜೂರ ತೊಟ್ಟಿನ ಹತ್ತಿರ ತಾನಾಗಿ ತಲೆ ತಗ್ಗಿಸುತ್ತದೆ. ಬಣ್ಣ ನೋಡಿ ಕಿತ್ತವರು ಕೆಟ್ಟರು. ನಾನು ಬಣ್ಣ ನೋಡಿಯೇ ಕಿತ್ತೆ, ಅರ್ಧ ಕ್ರೇಟು ಕಾಯಿಯಾಯಿತು. ಬೈಯಲಿಲ್ಲ. "ಜೀನ್ಸಿನ ಬಣ್ಣ ನೋಡಿ ನೋಡಿ ಕಣ್ಣು ಹಂಗಾಗ್ಯಾವ, ಬಿಡ್ರಿ," ಎಂದು ಉಳಿದವರಿಗೆ ಸಮಾಧಾನ ಹೇಳಿದಳು.

ಆ ಗುಂಪಿನಲ್ಲಿ ಒಂದು ಕಟ್ಟಳೆಯಿತ್ತು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲು ಮುಗಿಸಿದವಳು ನೆರಳಿಗೆ ಹೋಗಿ ಕೂರುವಂತಿಲ್ಲ, ಹಿಂದೆ ಬಿದ್ದವಳ ಸಾಲಿಗೆ ಆ ತುದಿಯಿಂದ ಕೈ ಹಾಕಿ ಎದುರು ಬರಬೇಕು. ನಾನು ಬಗ್ಗಿಕೊಂಡು ಒಂದೊಂದೇ ಹಣ್ಣು ತಿರುವುತ್ತ ಹೋಗುವಾಗ, ಎಲೆಗಳ ಆಚೆಯಿಂದ ಮೊದಲು ಆಕೆಯ ಕೆಮ್ಮು, ಆಮೇಲೆ ಬಳೆ, ಆಮೇಲೆ ಮುಖ ಬರುತ್ತಿತ್ತು. "ಬಂದ್ಯಾ? ನಾನೂ ಬಂದೆ. ನಡಿ, ನೀರು ಕುಡಿಯೂಣು." ನಾನು ಹಿಂದೆ ಬಿದ್ದೆ ಎನ್ನುವ ಮಾತೇ ಆ ಬಾಯಲ್ಲಿ ಬರಲಿಲ್ಲ. ನಿಧಾನದವಳಿಗೆ ನಾಚಿಕೆಯಾಗದಂತೆ ನಡೆದುಕೊಳ್ಳುವುದನ್ನು ನಾನು ಕಲಿತದ್ದು ಅಲ್ಲಿ. ಯೂನಿಟ್ಟಿನಲ್ಲಿ ಹಿಂದೆ ಬಿದ್ದವಳ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು.

ಇನ್ನು ನನ್ನ ಜಾಣತನದ ಕಥೆ.

ಹಣ್ಣು ಹರಿಯುವವರ ಹತ್ತಿರ ಎರಡು ಅರಿವೆ ಇರುತ್ತವೆ. ಸೊಂಟಕ್ಕೆ ಸಿಕ್ಕಿಸಿದ್ದು ಕೈ ಒರೆಸಲು, ಹೆಗಲ ಮೇಲಿನದು ಮುಖ ಒರೆಸಲು. ನಮ್ಮವರ ಅರಿವೆಗಳೋ ದೇವರೇ ಗತಿ. ಹರಿದ ಲಂಗದ ತುಂಡು, ಮಾಸಿದ ಟವೆಲ್ಲು, ಯಾವುದೋ ಮದುವೆಯಲ್ಲಿ ಉಡಿ ತುಂಬಿದ ಹಸಿರು ಕುಪ್ಪಸದ ಕಣ. ಮೇಸ್ತ್ರಮ್ಮನದು ಕೈಗೊಂದು ಗೋಣಿಬಣ್ಣದ ಚಿಂದಿ, ಮುಖಕ್ಕೆ ಕೆಂಪು ವಸ್ತ್ರ. ಹೊಲಿಗೆಯವಳ ಕಣ್ಣಿಗೆ ಅದನ್ನು ನೋಡಲಾಗಲಿಲ್ಲ. ಯೂನಿಟ್ಟು ಮುಚ್ಚುವಾಗ ಕೊಟ್ಟಿದ್ದ ಒಂದು ಗಂಟು ಬಟ್ಟೆ ನನ್ನ ಹತ್ತಿರ ಇತ್ತು, ಪ್ಯಾಂಟಿನ ಜೇಬಿನೊಳಗೆ ಹಾಕುವ ಮೆತ್ತನೆಯ ಬಿಳಿ ಬಟ್ಟೆ. ಅಣ್ಣನ ಮನೆಯ ಹಳೆಯ ಯಂತ್ರದಲ್ಲಿ ಅಂಚು ಮಡಿಚಿ, ನೀಲಿ ದಾರದಲ್ಲಿ ಹೊಲಿದು, ಒಬ್ಬೊಬ್ಬರಿಗೆ ಎರಡರಂತೆ ಎಲ್ಲರಿಗೂ ಮಾಡಿದೆ. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ.

ಹಂಚಿದ ದಿನ ತೋಟದಲ್ಲಿ ಹಬ್ಬವೇ. ಮೇಸ್ತ್ರಮ್ಮ ಅಂಚನ್ನು ಬೆರಳಲ್ಲಿ ಸವರಿ, "ಎಷ್ಟು ಚೆಂದ ಹೊಲ್ದೀದಿ ಯವ್ವಾ," ಅಂದಳು. ಇನ್ನೇನೋ ಹೇಳಲು ಬಾಯಿ ತೆರೆದು ನನ್ನ ಮುಖ ನೋಡಿ ಸುಮ್ಮನಾದಳು. ಮರುದಿನ ನೋಡಿದರೆ ಎಲ್ಲರ ಹೆಗಲ ಮೇಲೂ ಹಳೆಯ ಚಿಂದಿಗಳೇ. ನನ್ನವನ್ನು ಒಬ್ಬಳು ಮೊಮ್ಮಗುವಿಗೆ ಇಟ್ಟಿದ್ದಳು, ಒಬ್ಬಳು ರೊಟ್ಟಿ ಸುತ್ತಿಕೊಂಡು ಬಂದಿದ್ದಳು. ನನಗೆ ಒಳಗೊಳಗೇ ಸಿಟ್ಟು ಬಂತು. ಹಳ್ಳಿ ಜನ, ಒಳ್ಳೆಯದನ್ನು ಬಳಸಲು ಬರುವುದಿಲ್ಲ ಎಂದುಕೊಂಡೆ. ಇಡೀ ಗುಂಪಿನಲ್ಲಿ ಬಿಳಿ ಅರಿವೆ ಎರಡನ್ನೂ ಬಳಸಿದವಳು ನಾನೊಬ್ಬಳೇ.

ಯುಗಾದಿ ಕಳೆದು ವಾರವಾಗಿತ್ತು. ಆ ದಿನ ತೋಟದಲ್ಲಿ ಹಣ್ಣು ವಿಪರೀತ. ಅಂಜೂರ ಒಂದು ದಿನ ತಡೆದರೆ ಗಿಡದಲ್ಲೇ ಬಿರಿದು ಹಾಳಾಗುತ್ತದೆ. ತೋಟವನ್ನು ಗುತ್ತಿಗೆ ಹಿಡಿದ ತೆಲುಗಿನವನು ಮಧ್ಯಾಹ್ನದೊಳಗೆ ಗಾಡಿ ತುಂಬಬೇಕೆಂದು ಬೈಕಿನ ಮೇಲೆ ಸಾಲು ಸಾಲು ಸುತ್ತುತ್ತಿದ್ದ. ನಾನು ನೀರು ಕುಡಿಯಲು ಹೋಗಿ ಎರಡೂ ಅರಿವೆ ತೆಗೆದು ತೊಟ್ಟಿಯ ಕಟ್ಟೆಯ ಮೇಲಿಟ್ಟೆ. ಮತ್ತೆ ಎತ್ತಿಕೊಳ್ಳುವಾಗ ಯಾವುದು ಸೊಂಟದ್ದು, ಯಾವುದು ಹೆಗಲದ್ದು? ಅಂಜೂರದ ಹಾಲೂ ಬಿಳಿ, ಅರಿವೆಯೂ ಬಿಳಿ. ಹಸಿಯಾಗಿದ್ದಾಗ ಕಾಣುವುದೇ ಇಲ್ಲ. ಸಾಲಿಗೆ ಬಂದು ಬೆವರು ಇಳಿದ ಎಡಗಣ್ಣನ್ನು ಹೆಗಲಿನ ಅರಿವೆಯಿಂದ ಒತ್ತಿ ಒರೆಸಿಕೊಂಡೆ.

ಕಣ್ಣೊಳಗೆ ಕೆಂಡ ಇಟ್ಟಂತಾಯಿತು. ನಾನು ಕಿರುಚಿದ್ದು ನನಗೆ ನೆನಪಿಲ್ಲ. ನೆನಪಿರುವುದು ಮೇಸ್ತ್ರಮ್ಮ ಸಾಲು ಹಾರಿ ಓಡಿಬಂದದ್ದು, ತೊಟ್ಟಿಯ ಹತ್ತಿರ ನನ್ನನ್ನು ಅಂಗಾತ ಮಲಗಿಸಿದ್ದು, ಚರಿಗೆಯಿಂದ ನೀರು ಸುರಿದದ್ದು. "ಕಣ್ಣು ತೆರಿ! ಮುಚ್ಚಬ್ಯಾಡ, ತೆರಿ!" ಯಾರೋ ಹರಳೆಣ್ಣೆ ಬಿಡಿ ಅಂದರು, ಯಾರೋ ಬಾಣಂತಿಯ ಹಾಲು ಬಿಡಿ ಅಂದರು. ಮೇಸ್ತ್ರಮ್ಮ ಸಿಡಿದಳು. "ನೀರು ಬಿಟ್ಟು ಏನೂ ಮುಟ್ಟಸಬ್ಯಾಡ್ರಿ! ನಮ್ಮಕ್ಕಗ ಹಿಂಗ ಎಣ್ಣಿ ಬಿಟ್ಟು ಕಣ್ಣಿಗಿ ಹೂ ಬಿತ್ತು. ಸಾಯೋತನಕ ಆ ಕಡಿ ಕತ್ತಲಿ ಆಕಿಗಿ." ಆ ಮಾತು ಕೇಳಿದಾಗ ಉರಿಗಿಂತ ದೊಡ್ಡ ಹೆದರಿಕೆ ಶುರುವಾಯಿತು. ಒಂದು ಕಣ್ಣು ಹೋದ ಮೇಲೆ ಸೂಜಿಗೆ ದಾರ ಹೇಗೆ ಹಾಕುವುದು? ಹೊಲಿಗೆ ಹೋದರೆ ನನಗೆ ಉಳಿಯುವುದು ಅಣ್ಣನ ಮನೆಯ ಮೂಲೆ.

ಎಷ್ಟು ಹೊತ್ತು ನೀರು ಸುರಿದಳೋ. ಬೈಕು ಬಂದು ನಿಂತ ಸದ್ದು ಕೇಳಿತು. ಪಂಪಿನ ಗದ್ದಲದಲ್ಲಿ ಗಂಡು ದನಿಯೊಂದು ಏರುತ್ತಿದ್ದುದು, ಆಕೆ ತೆಲುಗಿನಲ್ಲಿ ಏನೋ ಅಂದದ್ದು ಮಾತ್ರ ಗೊತ್ತಾಯಿತು. ಆಕೆ ವಾಪಸು ಬಂದು, "ಏಳು. ಬಳ್ಳಾರಿಗೆ ಹೋಗೂಣು," ಅಂದಳು. ಹಣ್ಣು ಗಿಡದ ಮೇಲಿರುವಾಗ ಮೇಸ್ತ್ರಮ್ಮ ತೋಟ ಬಿಟ್ಟಳೆಂದರೆ ಅದು ಅವತ್ತೇ ಮೊದಲು.

ಬಸ್ಸಿನಲ್ಲಿ ಆಕೆ ನನ್ನ ಕೈ ಹಿಡಿಯಲಿಲ್ಲ. ಸೋಪು ಹಾಕಿ ತೊಳೆದರೂ ತನ್ನ ಬೆರಳಿನ ಮೇಲೆ ಆಕೆಗೆ ನಂಬಿಕೆ ಇರಲಿಲ್ಲ. "ನನ್ನ ಮೊಳಕೈ ಹಿಡಕೋ," ಅಂದಳು. ಬಸ್ಸು ಹತ್ತುವಾಗ, ಇಳಿಯುವಾಗ, ಆಟೋದಲ್ಲಿ, ಆಸ್ಪತ್ರೆಯ ಮೆಟ್ಟಿಲಲ್ಲಿ, ಎರಡೂ ಕೈ ಎದೆಗೆ ಮಡಚಿಕೊಂಡು ಆ ಮೊಳಕೈಯಿಂದಲೇ ನನ್ನನ್ನು ನಡೆಸಿದಳು.

ಚೀಟಿ ಮಾಡಿಸಿ ಬೆಂಚಿನ ಮೇಲೆ ಕಾಯುತ್ತಿದ್ದೆವು. ಆಕೆ ಅಂದಳು:

"ತಪ್ಪು ನಂದೈತಿ, ಟೇಲರಮ್ಮ."

"ಅರಿವಿ ಹೊಲ್ದಾಕಿ ನಾನಲ್ಲೇನ್ರಿ?"

"ನೀ ಹೊಲ್ದಿ. ನಾ ನೋಡಿ ಸುಮ್ಮನಿದ್ದೆ. ಎರಡೂ ಒಂದ ಬಣ್ಣದ್ದು ಇರಬಾರದು ಅಂತ ಅವತ್ತ ಹೇಳಬೇಕಿತ್ತು. ಪ್ರೀತಿಲೇ ತಂದೀದಿ, ಮುಖ ಸಣ್ಣದಾದೀತು ಅಂತ ಬಾಯಿ ಮುಚ್ಚಿಕೊಂಡೆ. ನನ್ನ ಸಂಕೋಚಕ್ಕ ನಿನ್ನ ಕಣ್ಣು ಬೆಲಿ ತೆರಬೇಕೇನು?"

ನಾನು ಅತ್ತೆ. ನೋವಿಗಲ್ಲ. ಹಳ್ಳಿ ಜನಕ್ಕೆ ಬಳಸಲು ಬರುವುದಿಲ್ಲ ಎಂದುಕೊಂಡಿದ್ದೆನಲ್ಲ, ಅದಕ್ಕೆ. ಎಲ್ಲರ ಹೆಗಲ ಮೇಲೂ ಇದ್ದ ಆ ಚಿಂದಿಗಳ ಬೇರೆ ಬೇರೆ ಬಣ್ಣಕ್ಕೆ ಅರ್ಥವಿತ್ತು. ನನ್ನ ಸೊಗಸಿಗೆ ಇರಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕರಿಗುಡ್ಡೆಯ ಮೇಲೆ ಸುಟ್ಟಿದೆ, ಕೂಡಲೇ ತೊಳೆದದ್ದು ಪುಣ್ಯ, ಆದರೆ ದೃಷ್ಟಿಯ ವಿಷಯ ಈಗಲೇ ಹೇಳಲಾಗದು ಅಂದರು. ಪಟ್ಟಿ ಕಟ್ಟಿ, ಹನಿ ಬರೆದುಕೊಟ್ಟು, ಹತ್ತು ದಿನ ಬಿಟ್ಟು ಬನ್ನಿ ಅಂದರು.

ಆ ಹತ್ತು ದಿನವೂ ಮೇಸ್ತ್ರಮ್ಮ ಕೆಲಸದಿಂದ ನೇರ ನಮ್ಮ ಮನೆಗೆ ಬಂದಳು. ಮೊಳಕೈವರೆಗೆ ಸೋಪು ಉಜ್ಜಿಕೊಂಡು, ನನ್ನ ಅತ್ತಿಗೆಗೆ ಹನಿ ಹಾಕುವುದನ್ನು ಹೇಳಿಕೊಡುತ್ತಿದ್ದಳು, ತಾನು ಮಾತ್ರ ಮುಟ್ಟುತ್ತಿರಲಿಲ್ಲ. ಅತ್ತಿಗೆ ಎಂದೂ ಯಾರ ಮಾತೂ ಕೇಳಿದವಳಲ್ಲ, ಆಕೆಯ ಮಾತು ಕೇಳಿದಳು. ಒಂದು ದಿನ ಮೇಸ್ತ್ರಮ್ಮ ಬೆನ್ನ ಹಿಂದಿನಿಂದ ಮಿರ್ಚಿ ಬಜ್ಜಿಯ ಪೊಟ್ಟಣ ತೆಗೆದು, "ಕಣ್ಣಿಗಿ ಬ್ಯಾಡ, ಬಾಯಿಗಿ ಹಾಕ್ಕೋ," ಅಂದಳು. ಎಷ್ಟೋ ದಿನದ ಮೇಲೆ ನಕ್ಕೆ.

ಪಟ್ಟಿ ಬಿಚ್ಚಿದ ದಿನ ಎಲ್ಲ ಮಸುಕು. ವಾರದ ಮೇಲೆ ಸ್ವಲ್ಪ ತಿಳಿಯಾಯಿತು. ಇನ್ನೊಂದು ವಾರಕ್ಕೆ ನಾನು ಹೊಲಿಗೆ ಯಂತ್ರದ ಮುಂದೆ ಕೂತೆ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಯಂತ್ರದ ಸೂಜಿಗೆ ಹಿಡಿದೆ. ಮೊದಲ ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಮೇಸ್ತ್ರಮ್ಮ ಬಾಗಿಲಲ್ಲಿ ಕೂತಿದ್ದಳು. ಮೂರನೆಯ ಸಲ ದಾರ ದಾಟಿತು. ತಿರುಗಿ ನೋಡಿದರೆ ಆಕೆ ಇರಲಿಲ್ಲ. ಹೊರಗೆ ಬೇವಿನ ಗಿಡಕ್ಕೆ ಒರಗಿ ಮೂಗು ಸೀಟಿಕೊಳ್ಳುತ್ತಿದ್ದಳು.

ಮತ್ತೆರಡು ಹಂಗಾಮು ಆಕೆಯ ಗುಂಪಿನಲ್ಲಿ ಹೋದೆ. ನನ್ನ ಕಣ್ಣು ಸುಟ್ಟ ಆ ತೋಟಕ್ಕೆ ಮಾತ್ರ ಗುಂಪು ಹೋಗಲಿಲ್ಲ. ಯಾಕೆಂದು ಕೇಳಿದರೆ, "ಆ ಗಿಡ ಮುದಿ ಆಗ್ಯಾವ, ಹಣ್ಣು ಸಣ್ಣು," ಅನ್ನುತ್ತಿದ್ದಳು. ಆಮೇಲೆ ನಾನು ಬಳ್ಳಾರಿಗೆ ಮರಳಿ, ಕಂಟೋನ್ಮೆಂಟಿನ ಹತ್ತಿರ ಸಣ್ಣದೊಂದು ಹೊಲಿಗೆ ಅಂಗಡಿ ಹಾಕಿದೆ. ಈಗ ಇಬ್ಬರು ಹೆಂಗಸರು ನನ್ನ ಜೊತೆ ಕೆಲಸ ಮಾಡುತ್ತಾರೆ. ಹಿಂದೆ ಬಿದ್ದವಳ ಬಟ್ಟೆಯನ್ನು ಇನ್ನೊಂದು ತುದಿಯಿಂದ ಹಿಡಿದು ಹೊಲಿಯುವುದು ನಮ್ಮ ಅಂಗಡಿಯ ಪದ್ಧತಿ.

ಹೋದ ವರ್ಷ ಅಂಜೂರ ಶುರುವಾಗುವ ಮೊದಲೇ ಮೇಸ್ತ್ರಮ್ಮ ತೀರಿಕೊಂಡಳು. ಎದೆ ನೋವು ಅಂದವಳು ಬೆಳಗಾಗುವಷ್ಟರಲ್ಲಿ ಇಲ್ಲ. ಸುದ್ದಿ ತಿಳಿದು ಮೊದಲ ಬಸ್ಸಿಗೆ ಹೋದೆ. ಅಂಗಳದಲ್ಲಿ ಗುಂಪಿನ ಹೆಂಗಸರೆಲ್ಲ ಇದ್ದರು. ಆಕೆಯ ಪಕ್ಕದ ಸಾಲಿನಲ್ಲಿ ಸದಾ ಹಣ್ಣು ಹರಿಯುತ್ತಿದ್ದ ಹೆಂಗಸು ನನ್ನನ್ನು ಹತ್ತಿರ ಕೂರಿಸಿಕೊಂಡು, "ನಿನಗ ಗೊತ್ತೈತೇನವ್ವ?" ಎಂದು ಹೇಳತೊಡಗಿದಳು.

ಆ ತೋಟದ ಗಿಡಗಳು ಮುದಿಯಾಗಿರಲಿಲ್ಲ. ಅವು ಗೇಣುದ್ದದ ಕಡ್ಡಿಗಳಾಗಿದ್ದಾಗ ನೆಟ್ಟವಳೇ ಮೇಸ್ತ್ರಮ್ಮ. ಮೊದಲ ಹಣ್ಣಿನಿಂದ ಅಲ್ಲಿ ಆಕೆಯದೇ ಕೈ. ಆ ದಿನ ಗುತ್ತಿಗೆಯವನು, ಹಣ್ಣು ಗಿಡದ ಮೇಲೆ ಬಿಟ್ಟು ಹೋದರೆ ಈ ತೋಟದೊಳಗೆ ಮತ್ತೆ ಕಾಲಿಡಬೇಡ ಅಂದಿದ್ದನಂತೆ. ಅವಳ ಜೊತೆ ಇನ್ಯಾರನ್ನಾದರೂ ಕಳಿಸು, ನೀನು ನಿಲ್ಲು ಅಂದಿದ್ದನಂತೆ. ತೆಲುಗಿನಲ್ಲಿ ಆಕೆ ಕೊಟ್ಟ ಉತ್ತರವನ್ನು ಆ ಹೆಂಗಸು ನಮ್ಮ ಮಾತಿನಲ್ಲಿ ಹೇಳಿದಳು:

"ಗಿಡಕ್ಕ ಮುಂದಿನ ವರ್ಷ ಮತ್ತ ಹಣ್ಣು ಬರತಾವಪಾ. ಈಕಿಗಿ ಇನ್ನೊಂದು ಕಣ್ಣು ಬರತೈತೇನು?"

ಆಮೇಲೆ ಆ ತೋಟದ ದಾರಿಯಲ್ಲಿ ಟಂಟಂ ಹಾಯುವಾಗ ಆಕೆ ಆ ಕಡೆ ಮುಖ ಮಾಡುತ್ತಿರಲಿಲ್ಲವಂತೆ. ಇದನ್ನು ನನ್ನ ಕಿವಿಗೆ ಹಾಕಬಾರದೆಂದು ಎಲ್ಲರಿಂದ ಆಣೆ ಹಾಕಿಸಿಕೊಂಡಿದ್ದಳಂತೆ. ಆಕೆ ಬದುಕಿದ್ದಾಗ ತಿಳಿದಿದ್ದರೆ ಕಾಲು ಹಿಡಿಯುತ್ತಿದ್ದೆ. ಅದು ಗೊತ್ತಿದ್ದೇ ಹೇಳಲಿಲ್ಲ.

ಹೆಣ ಎತ್ತಲು ಗಂಡಸರು ಬಂದಿದ್ದರು. ಒಂದು ನಿಮಿಷ ನಿಲ್ಲಿ ಎಂದು ಕೇಳಿಕೊಂಡೆ. ಒಳಗೆ ಹೋಗಿ, ಹತ್ತಿರ ಕೂತು, ಎರಡೂ ಕಣ್ಣು ತುಂಬ ಆಕೆಯ ಮುಖ ನೋಡಿದೆ.