ಅತ್ತೆಯ ಕೈಯಲ್ಲಿದ್ದ ಸಿಗ್ನಲ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ತವರಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮದುವೆಯಾಗಿ ಹಾರನಹಳ್ಳಿ ಹತ್ತಿರದ ಈ ಊರಿಗೆ ಬಂದ ಮೇಲೆ ಒಂದಷ್ಟು ತಣ್ಣಗಾಗಿದ್ದೇನೆ ಅಂದುಕೊಂಡಿದ್ದೆ. ತಣ್ಣಗಾಯಿತು, ಮಣ್ಣು. ಹೋದ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಾನಾಡಿದ ಮಾತು ನೆನಪಾದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ಹುಣಸೂರಿನಲ್ಲಿ ಓದಿ ಕಂಪ್ಯೂಟರ್ ಡಿಗ್ರಿ ಮಾಡಿಕೊಂಡಿದ್ದೆ. ಇಲ್ಲಿಗೆ ಬಂದಮೇಲೆ ಅದು ಬೀರುವಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಸೇರಿಕೊಂಡಿತ್ತು. ಅಷ್ಟರಲ್ಲಿ ಮೈಸೂರಿನ ಒಂದು ಸಣ್ಣ ಕಂಪನಿಯವರು ಮನೆಯಿಂದಲೇ ಮಾಡುವ ಕೆಲಸಕ್ಕೆ ಪರೀಕ್ಷೆ ಇಟ್ಟರು. ನನಗಿಂತ ಹೆಚ್ಚು ಕುಣಿದವರು ನಮ್ಮ ಅತ್ತೆ. "ಸೊಪ್ಪು ಪೋಣಿಸೋಕೆ ನಾನಿವ್ನಿ. ಓದ್ದೋಳು ನೀನು, ಓದಿದ್ ಕೆಲ್ಸ ಮಾಡು ಮಗ" ಎಂದರು. ಊರಿನ ಬೇರೆ ಯಾವ ಅತ್ತೆಯ ಬಾಯಿಂದಲೂ ಈ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಪರೀಕ್ಷೆ ಇಷ್ಟೇ. ಲ್ಯಾಪ್‌ಟಾಪಿನ ಒಳಗೆ ಇನ್ನೆರಡು ಕಂಪ್ಯೂಟರುಗಳನ್ನು ಸಾಫ್ಟ್‌ವೇರಿನಲ್ಲೇ ಎಬ್ಬಿಸಿ ನಡೆಸಬೇಕು. ವರ್ಚುಯಲ್ ಮಷೀನ್ ಅನ್ನುತ್ತಾರೆ. ಅವೆರಡೂ ಒಂದಕ್ಕೊಂದು ಮಾತಾಡಬೇಕು, ಹೊರಗಿನ ಇಂಟರ್ನೆಟ್ಟನ್ನೂ ಮುಟ್ಟಬೇಕು. ಅತ್ತೆಗೆ ಇದನ್ನು ಹೇಳಿದಾಗ, "ಅಂಗಂದ್ರೆ ಒಂದೇ ಮನೇಲಿ ಬ್ಯಾರೆ ಬ್ಯಾರೆ ಒಲೆ ಊಡ್ದಂಗೆ" ಅಂದರು. ಹೂಂ ಎಂದೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುತ್ತಿರಲಿಲ್ಲ.

ನಮ್ಮದು ಊರಾಚೆ ಹೊಲದ ಮನೆ. ಅಲ್ಲಿ ಅತ್ತೆಯ ಫೋನಿನ ಸಿಮ್ಮಿಗೆ ಮಾತ್ರ ಸಿಗ್ನಲ್ಲು ಸಿಗುತ್ತದೆ, ಅದೂ ಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಮೆಟ್ಟಿಲ ಮೇಲೆ. ಫೋನನ್ನು ಗೋಡೆ ಮೇಲೆ ಇಟ್ಟರೆ ಸಿಗ್ನಲ್ಲು ಹೋಗುತ್ತದೆ. ಕೈಯಲ್ಲಿ ತಲೆಯ ಎತ್ತರಕ್ಕೆ ಹಿಡಿದರೆ ಬರುತ್ತದೆ. ಏಕೆಂದು ನನ್ನ ಡಿಗ್ರಿಯೂ ಹೇಳಿಲ್ಲ. ಪರೀಕ್ಷೆಗೆ ಮುಚ್ಚಿದ ಕೋಣೆಯಲ್ಲಿ ಕೂರಬೇಕೆಂಬ ನಿಯಮ ಇದ್ದುದರಿಂದ ನಾನು ಪಕ್ಕದ ಸೊಪ್ಪಿನ ಕೋಣೆಯಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಕುಳಿತೆ. ಅತ್ತೆ ಮೆಟ್ಟಿಲ ಮೇಲೆ ಫೋನು ಎತ್ತಿ ಹಿಡಿದು ಕುಳಿತರು. ಆ ಫೋನಿನ ಹಾಟ್‌ಸ್ಪಾಟಿನಿಂದಲೇ ನನ್ನ ಲ್ಯಾಪ್‌ಟಾಪಿಗೆ ನೆಟ್ಟು. ಆ ವಾರ ಬ್ಯಾರನ್ನಿಗೆ ಬೆಂಕಿ ಹಾಕಿತ್ತು. ಗೋಡೆಗೆ ಬೆನ್ನು ತಾಗಿಸಲಾಗದಷ್ಟು ಕಾವು.

ಪರೀಕ್ಷೆ ಮಾಡುವವರು ನಡುವಯಸ್ಸಿನ ಮೇಡಂ, ಮೈಸೂರಿನಿಂದ ವಿಡಿಯೋದಲ್ಲಿ ನನ್ನನ್ನು ನೋಡುತ್ತಿದ್ದರು. ಎರಡು ಮಷೀನುಗಳನ್ನೂ ಎಬ್ಬಿಸಿದೆ. ಒಂದರಿಂದ ಇನ್ನೊಂದನ್ನು ಕರೆದರೆ ಓಗೊಟ್ಟಿತು. ಹೊರಗಿನ ಇಂಟರ್ನೆಟ್ಟನ್ನು ಕರೆದೆ, ಸದ್ದಿಲ್ಲ. ಮತ್ತೆ ಕರೆದೆ. ಇಲ್ಲ.

ಈ ಸೀಮೆಯಲ್ಲಿ ಏನು ಕೆಟ್ಟರೂ ನಾವು ಮೊದಲು ಬೈಯುವುದು ಟವರನ್ನು. ಬ್ಯಾಂಕಿನಲ್ಲಿ ಕೆಲಸ ಆಗಲಿಲ್ಲ ಅಂದರೂ ಟವರು, ಮಗಳು ಫೋನು ಎತ್ತಲಿಲ್ಲ ಅಂದರೂ ಟವರು. ಅವತ್ತು ಟವರು ಅತ್ತೆಯ ಕೈಯಲ್ಲಿತ್ತು. ಕಿಟಕಿಯಿಂದ ಕೂಗಿದೆ: "ಅತ್ತೆ, ವಸಿ ಮ್ಯಾಲಕ್ಕೆ ಇಡ್ಕಳಿ."

"ಇಡ್ಕಂಡಿವ್ನಿ ಕಣವ್ವ."

ಆಗಲೂ ಇಲ್ಲ. ಎಡಕ್ಕೆ ಅಂದೆ, ಬಲಕ್ಕೆ ಅಂದೆ. ಅವರು ಒಂದು ಮೆಟ್ಟಿಲು ಹತ್ತಿದರು, ಇಳಿದರು. ಗಡಿಯಾರ ಓಡುತ್ತಿತ್ತು. ಈ ಕೆಲಸ ಹೋದರೆ ಇನ್ನು ಯಾರೂ ಕರೆಯುವುದಿಲ್ಲ, ಆ ಸರ್ಟಿಫಿಕೇಟು ಸೀರೆಯ ಕೆಳಗೇ ಕೊಳೆಯುತ್ತದೆ ಎಂಬ ಭಯ ಗಂಟಲಿಗೆ ಬಂದಿತ್ತು. ಅದು ಬಾಯಿಗೆ ಬರುವಾಗ ಬೇರೆಯೇ ಆಗಿ ಬಂತು.

"ಒಂದು ಫೋನ್ ನೆಟ್ಟಗೆ ಇಡ್ಕಳಕ್ಕೂ ಬರಕಿಲ್ವಾ ನಿಮಗೆ? ಕೈ ಯಾಕಂಗೆ ಅಲ್ಲಾಡಿಸ್ತೀರಿ? ನಿಮ್ಮಿಂದ ನನ್ ಕೆಲ್ಸ ಓಯ್ತದೆ ನೋಡ್ಕಳಿ."

ತಿರುಗಿ ಪರದೆ ನೋಡಿದರೆ ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು.

"ಯಾರಮ್ಮ ಅವರು?" ಎಂದರು.

"ನಮ್ಮತ್ತೆ ಮೇಡಂ. ಫೋನ್ ಹಿಡ್ಕೊಂಡಿದಾರೆ. ಅವರು ಅಲ್ಲಾಡಿಸ್ತಾರೆ, ಅದಕ್ಕೆ ನೆಟ್ ಬರ್ತಿಲ್ಲ."

"ನೆಟ್ ಬರದೇ ಇದ್ರೆ, ನೀವು ಅವರನ್ನ ಬೈದಿದ್ದು ನನಗೆ ಇಲ್ಲಿ ಹೇಗಮ್ಮ ಕೇಳಿಸ್ತು?"

ಅಷ್ಟೇ ಕೇಳಿದ್ದು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಫೋನಿನಿಂದ ಲ್ಯಾಪ್‌ಟಾಪಿಗೆ ನೆಟ್ಟು ಸೊಗಸಾಗಿಯೇ ಬರುತ್ತಿತ್ತು. ನಿಂತಿದ್ದು ಲ್ಯಾಪ್‌ಟಾಪಿನಿಂದ ಒಳಗಿನ ಮಷೀನುಗಳಿಗೆ, ಅಂದರೆ ನನ್ನ ಕೈಯಲ್ಲೇ. ಈ ಮಷೀನುಗಳಿಗೆ ಹೊರಗಿನ ದಾರಿ ಬಿಟ್ಟರೆ ತಮ್ಮಷ್ಟಕ್ಕೆ ತಾವೇ ಏನೇನೋ ಅಪ್‌ಡೇಟು ಎಳೆದುಕೊಂಡು ಅತ್ತೆಯ ಆವತ್ತಿನ ಡೇಟಾ ಎಲ್ಲಾ ನುಂಗಿಬಿಡುತ್ತವೆ. ಅದಕ್ಕೇ ಅಭ್ಯಾಸ ಮಾಡುವಾಗಲೆಲ್ಲ ಅವುಗಳ ಸೆಟ್ಟಿಂಗನ್ನು ಹೋಸ್ಟ್-ಓನ್ಲಿಗೆ ಇಟ್ಟಿರುತ್ತಿದ್ದೆ. ಮಷೀನುಗಳು ಲ್ಯಾಪ್‌ಟಾಪಿನೊಳಗೇ ಮಾತಾಡಿಕೊಂಡಿರಲಿ, ಹೊಸಿಲು ದಾಟುವುದು ಬೇಡ ಎಂದು. ಪರೀಕ್ಷೆಗೆ ಕೂರುವಾಗ ಅದನ್ನು ಬದಲಿಸಲು ಮರೆತಿದ್ದೆ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು.

ಮಷೀನುಗಳನ್ನು ಆರಿಸಿ, ಎರಡಕ್ಕೂ ಇನ್ನೊಂದೊಂದು ನೆಟ್‌ವರ್ಕ್ ಅಡಾಪ್ಟರ್ ಕೊಟ್ಟು, ಅವನ್ನು ಹೊರಗಿನ ದಾರಿ ತೆರೆಯುವ ನ್ಯಾಟ್‌ಗೆ ಹಾಕಿದೆ. ಮತ್ತೆ ಎಬ್ಬಿಸಿ ಕರೆದೆ. ತಕ್ಷಣ ಉತ್ತರ ಬಂತು. ಮೇಡಂ ಏನೋ ಬರೆದುಕೊಂಡರು, ಮುಖದಲ್ಲಿ ನಗು ಇರಲಿಲ್ಲ. ಸಾರಿ ಮೇಡಂ ಅಂದೆ. "ನನಗಲ್ಲ" ಎಂದರು.

ನಾನು ಎದ್ದು ಹೋಗುವಷ್ಟರಲ್ಲಿ ಅತ್ತೆಯೇ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಕಾವಿಗೆ ಮುಖ ಕೆಂಪಗಾಗಿತ್ತು, ರವಿಕೆ ಬೆನ್ನಿಗೆ ಅಂಟಿತ್ತು. ಫೋನನ್ನು ಇನ್ನೂ ತಲೆಯ ಎತ್ತರಕ್ಕೇ ಹಿಡಿದಿದ್ದರು; ಮೆಟ್ಟಿಲು ಬಿಟ್ಟು ಬಂದರೂ ಅವತ್ತು ಅದೇಕೋ ಸಿಗ್ನಲ್ಲು ಹೋಗಿರಲಿಲ್ಲ. ನನ್ನ ಕಡೆ ನೋಡಲಿಲ್ಲ. ಬಗ್ಗಿ, ಪರದೆಯಲ್ಲಿದ್ದ ಮೇಡಂಗೆ ಹೇಳಿದರು:

"ನಮ್ಮ ಸೊಸೇದು ಏನೂ ತಪ್ಪಿಲ್ಲ ಕಣವ್ವ. ನನ್ ಕೈಯೇ ನಡುಗ್ತು, ವಯಸ್ಸಾಯ್ತಲ್ಲ. ಅವ್ಳು ಬುದ್ವಂತೆ. ನನ್ ತಪ್ಪಿಗೆ ಅವ್ಳ್ ಕೆಲ್ಸ ತಪ್ಪಿಸ್ಬ್ಯಾಡಿ."

"ಇಲ್ಲ ಅತ್ತೆ, ತಪ್ಪು ನಂದು. ನಾನೇ ಸೆಟ್ಟಿಂಗ್ ಮರ್ತಿದ್ದೆ. ನಿಮ್ಮ ಫೋನ್ ಸರಿಯಾಗೇ ಇತ್ತು" ಎಂದೆ. ಅವರು ನನ್ನ ಕೈ ಅದುಮಿ, ಗುಟ್ಟು ಹೇಳುವವರಂತೆ ತಗ್ಗಿದ ದನಿಯಲ್ಲಿ, "ಸುಮ್ಕಿರು ಮಗ. ಅವ್ರ್ ಮುಂದೆ ಅಂಗೆಲ್ಲ ಒಪ್ಕಬ್ಯಾಡ" ಅಂದರು. ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. "ಆಯ್ತಮ್ಮ, ನೀವು ಹೋಗಿ ನೆರಳಲ್ಲಿ ಕೂತ್ಕೊಳ್ಳಿ, ನೀರು ಕುಡೀರಿ" ಎಂದರು, ಅತ್ತೆಗೆ. ನನಗೆ ಏನೂ ಹೇಳದೆ ಕರೆ ಮುಗಿಸಿದರು.

ಅವತ್ತು ಅಡುಗೆಮನೆಯಲ್ಲಿ ಇನ್ನೊಂದು ಸಲ ಹೇಳಿದೆ, ಬಿಡಿಸಿ ಬಿಡಿಸಿ ಹೇಳಿದೆ. "ಬುಡು, ನಂಗೆ ಬೇಜಾರಾಯ್ತದೆ ಅಂತ ಇಂಗಂತೀಯ" ಎಂದು ನನ್ನ ತಟ್ಟೆಗೆ ಮುದ್ದೆ ಹಾಕಿದರು.

ಕೆಲಸ ಸಿಕ್ಕಿತು. ಅತ್ತೆ ಊರೆಲ್ಲ ಹೇಳಿಕೊಂಡು ಬಂದರು: "ಕೊಡಕಿಲ್ಲ ಅಂತಿದ್ರು. ನಾನ್ ಓಗಿ ಒಂದ್ಮಾತು ಏಳ್ದೆ, ಕೊಟ್ಬುಟ್ರು." ಕೇಳಿದವರು ನಿಜವೇ ಎಂದು ನನ್ನ ಮುಖ ನೋಡುತ್ತಾರೆ. ನಾನು ತಲೆ ತಗ್ಗಿಸಿ ಹೌದು ಎನ್ನುತ್ತೇನೆ. ಅದು ಸುಳ್ಳು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.